ನಕ್ಷೆಯಲ್ಲಿಲ್ಲದ ಮನೆಗೆ ಬೆಲೆ ಕಟ್ಟುವುದು ಹೇಗೆ?

ತುಮಕೂರು ನಗರದ ಉಪ್ಪಾರಹಳ್ಳಿಯಂತಹ ಬಡಾವಣೆಗಳಲ್ಲಿ ಸಂಚರಿಸುವವರಿಗೆ ಒಂದು ದೃಶ್ಯ ಚಿರಪರಿಚಿತ. ಕೆಳಗೆ ಮಾಲೀಕರ ಮನೆ, ಪಕ್ಕದ ಕಿರಿದಾದ ಜಾಗದಲ್ಲಿ ಮೇಲೇರುವ ಮೆಟ್ಟಿಲು, ಮೇಲೆ ಬಾಡಿಗೆಗೆ ಕೊಟ್ಟ ಒಂದು ಕೋಣೆ ಮತ್ತು ಅಡುಗೆಮನೆ. ಕೆಲವೆಡೆ ಹಿತ್ತಲಿನಲ್ಲಿ ಶೀಟ್ ಹೊದಿಸಿದ ಔಟ್‌ಹೌಸ್ ಕೂಡ ಇರುತ್ತದೆ. ಹೆಸರೇ ಹೇಳುವಂತೆ ಒಂದು ಕಾಲದ ಹಳ್ಳಿ ಇಂದು ನಗರದ ಒಡಲಿನಲ್ಲಿದೆ. ವಿದ್ಯಾರ್ಥಿಗಳೂ ನೌಕರರೂ ಬಾಡಿಗೆ ಮನೆ ಅರಸಿ ಬರುತ್ತಾರೆ. ಮಾಲೀಕರು ಉಳಿತಾಯದ ಹಣದಲ್ಲಿ ಒಂದೊಂದೇ ಕೋಣೆ ಏರಿಸುತ್ತಾರೆ. ಆದರೆ ಅನುಮೋದಿತ ನಕ್ಷೆ ಮಾತ್ರ ಮೊದಲಿನಂತೆಯೇ ಉಳಿಯುತ್ತದೆ.

ಮನೆ ವಾಸಕ್ಕಷ್ಟೇ ಬಳಕೆಯಾಗುವವರೆಗೆ ಈ ಅಂತರ ಯಾರನ್ನೂ ಕಾಡುವುದಿಲ್ಲ. ಮಂಡಿಪೇಟೆಯ ವರ್ತಕರಾಗಲಿ ಅಂತರಸನಹಳ್ಳಿಯ ಸಣ್ಣ ಉದ್ದಿಮೆದಾರರಾಗಲಿ ದುಡಿಯುವ ಬಂಡವಾಳಕ್ಕಾಗಿ ಆ ಮನೆಯನ್ನು ಬ್ಯಾಂಕಿಗೆ ಅಡಮಾನವಿಡಲು ಹೊರಟಾಗ ಪ್ರಶ್ನೆ ಏಳುತ್ತದೆ. ಸ್ಥಳ ಪರಿಶೀಲನೆಗೆ ಬಂದ ಮೌಲ್ಯಮಾಪಕರು ಮೇಲ್ಮನೆಯನ್ನು ಲೆಕ್ಕಕ್ಕೆ ಸೇರಿಸಬೇಕೇ, ಬಿಡಬೇಕೇ? ಆ ಒಂದು ನಿರ್ಧಾರದ ಮೇಲೆ ಸಾಲದ ಮಿತಿ ಮಾತ್ರವಲ್ಲ, ಮುಂದೊಂದು ದಿನ ಬ್ಯಾಂಕಿನ ಭದ್ರತೆಯೂ ನಿಂತಿರುತ್ತದೆ.

ಕಾನೂನಿನ ಹಿನ್ನೆಲೆ

ತುಮಕೂರು ಮಹಾನಗರಪಾಲಿಕೆಯ ವ್ಯಾಪ್ತಿಗೆ 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮ ಅನ್ವಯಿಸುತ್ತದೆ. ಕಟ್ಟಡ ನಿರ್ಮಾಣಕ್ಕೆ 299ನೇ ಪ್ರಕರಣದಡಿ ಅರ್ಜಿ ಸಲ್ಲಿಸಿ ಪರವಾನಗಿ ಪಡೆಯಬೇಕು. ಪರವಾನಗಿ ಇಲ್ಲದ ಅಥವಾ ಅದನ್ನು ಮೀರಿದ ಭಾಗವನ್ನು ಕೆಡವಲು 321ನೇ ಪ್ರಕರಣದಡಿ ಆಯುಕ್ತರು ಆದೇಶಿಸಬಹುದು. ಮೊದಲು ತಾತ್ಕಾಲಿಕ ಆದೇಶ, ಬಳಿಕ ಕಾರಣ ಕೇಳುವ ನೋಟೀಸು, ಅದರ ನಂತರವೇ ಸ್ಥಿರೀಕರಣ ಎಂಬುದು ಅದರ ಕ್ರಮ. ಗುಬ್ಬಿ, ಕುಣಿಗಲ್ ಪಟ್ಟಣಗಳಿಗೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ಅನ್ವಯವಾಗುತ್ತದೆ.

ಇಂತಹ ಕಟ್ಟಡಗಳನ್ನು ಸಕ್ರಮಗೊಳಿಸಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮಕ್ಕೆ ತಿದ್ದುಪಡಿ ತಂದು ರೂಪಿಸಿದ ಯೋಜನೆಯೇ ‘ಅಕ್ರಮ-ಸಕ್ರಮ’. ವಾಸದ ಕಟ್ಟಡಗಳಲ್ಲಿ ಶೇ. 50ರವರೆಗಿನ ಉಲ್ಲಂಘನೆಯನ್ನು ಶುಲ್ಕ ಪಡೆದು ಮನ್ನಿಸಲು 2014ರ ನಿಯಮಗಳು ಅವಕಾಶ ನೀಡಿದ್ದವು. 2016ರ ಡಿಸೆಂಬರ್‌ನಲ್ಲಿ ಉಚ್ಚ ನ್ಯಾಯಾಲಯ ಯೋಜನೆಯನ್ನು ಎತ್ತಿಹಿಡಿಯಿತಾದರೂ, 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಆದ್ದರಿಂದ ‘ಮುಂದೆ ಹೇಗೂ ಸಕ್ರಮವಾಗುತ್ತದೆ’ ಎಂಬ ನಿರೀಕ್ಷೆಯನ್ನೇ ಮೌಲ್ಯವಾಗಿ ಪರಿವರ್ತಿಸುವುದು ಸರಿಯಲ್ಲ.

2024ರ ಡಿಸೆಂಬರ್ 17ರಂದು ರಾಜೇಂದ್ರ ಕುಮಾರ್ ಬರ್ಜಾತ್ಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ನಿರ್ದೇಶನಗಳು ವಿಷಯಕ್ಕೆ ಇನ್ನಷ್ಟು ಗಾಂಭೀರ್ಯ ತಂದಿವೆ. ಕಟ್ಟಡವನ್ನು ಭದ್ರತೆಯಾಗಿ ಪಡೆಯುವ ಮುನ್ನ ಪೂರ್ಣತಾ ಅಥವಾ ಸ್ವಾಧೀನ ಪ್ರಮಾಣಪತ್ರವನ್ನು ಪರಿಶೀಲಿಸಬೇಕೆಂದು ಬ್ಯಾಂಕುಗಳಿಗೆ ಸೂಚಿಸಲಾಗಿದೆ. ನೀರು, ವಿದ್ಯುತ್ ಸಂಪರ್ಕಕ್ಕೂ ಇದೇ ಷರತ್ತು ವಿಧಿಸಲಾಗಿದೆ.

ಕಂದಾಯ ರಸೀದಿ ಪರವಾನಗಿಯಲ್ಲ

ಮಾಲೀಕರಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆಯನ್ನು ಇಲ್ಲಿ ನಿವಾರಿಸಬೇಕಾಗಿದೆ. ಮೇಲ್ಮನೆಗೂ ಕಂದಾಯ ಕಟ್ಟಲಾಗಿದೆ, ಬೆಸ್ಕಾಂನ ಪ್ರತ್ಯೇಕ ಮೀಟರ್ ಇದೆ, ಆದ್ದರಿಂದ ಅದು ಸಕ್ರಮವೇ ಎಂದು ಅನೇಕರು ವಾದಿಸುತ್ತಾರೆ. ಅನಧಿಕೃತ ಕಟ್ಟಡದಿಂದಲೂ ತೆರಿಗೆ ಮತ್ತು ದಂಡವನ್ನು ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಹಾಗೆ ವಸೂಲು ಮಾಡಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯದ ಇತರ ನಗರ, ಪಟ್ಟಣಗಳಿಗೂ ವಿಸ್ತರಿಸಲಾದ ಬಿ-ಖಾತಾ ಸಹ ಸ್ವತ್ತನ್ನು ತೆರಿಗೆಯ ಜಾಲಕ್ಕೆ ತರುವ ಕ್ರಮವೇ ಹೊರತು ನಕ್ಷೆಯ ಅನುಮೋದನೆಯಲ್ಲ. ಈ ದಾಖಲೆಗಳು ಕಟ್ಟಡ ಯಾವಾಗಿನಿಂದ ಇದೆ, ಯಾರ ಅನುಭವದಲ್ಲಿದೆ ಎಂಬುದಕ್ಕೆ ಸಾಕ್ಷ್ಯವಾಗಬಲ್ಲವು, ಅಷ್ಟೇ.

ಮೌಲ್ಯಮಾಪಕರು ನ್ಯಾಯಾಧೀಶರಲ್ಲ

ಇದರರ್ಥ ಮೇಲ್ಮನೆ ಕಂಡಕೂಡಲೇ ‘ಅಕ್ರಮ’ ಎಂದು ಷರಾ ಬರೆಯಬೇಕೆಂದಲ್ಲ. ಹಳೆಯ ಊರಿನ ಮನೆಗಳಿಗೆ ಗ್ರಾಮ ಪಂಚಾಯಿತಿಯ ಕಾಲದ ಪರವಾನಗಿ ಇರಬಹುದು. ಮೊದಲ ನಕ್ಷೆಯ ನಂತರ ಪರಿಷ್ಕೃತ ನಕ್ಷೆ ಪಡೆದು ಅದನ್ನು ಪೆಟ್ಟಿಗೆಯಲ್ಲಿ ಮರೆತಿರಬಹುದು. ಅಕ್ರಮವೆಂದು ತೀರ್ಮಾನಿಸುವ ಅಧಿಕಾರ ಪಾಲಿಕೆಯದು, ಹಕ್ಕುಪತ್ರಗಳ ಬಗ್ಗೆ ಅಭಿಪ್ರಾಯ ನೀಡುವುದು ಬ್ಯಾಂಕಿನ ಕಾನೂನು ಸಲಹೆಗಾರರ ಕೆಲಸ. ಕಂಡದ್ದನ್ನು ಅಳೆದು, ದಾಖಲೆಯೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಮುಚ್ಚಿಡದೆ ತಿಳಿಸುವುದು ಮೌಲ್ಯಮಾಪಕರ ಕರ್ತವ್ಯ. ‘ಮೊದಲ ಮಹಡಿಗೆ ಸಂಬಂಧಿಸಿದ ಅನುಮೋದಿತ ನಕ್ಷೆಯನ್ನು ಪರಿಶೀಲನೆಗೆ ಒದಗಿಸಿಲ್ಲ’ ಎಂಬ ವಾಕ್ಯ ಸತ್ಯವೂ ಹೌದು, ಯಾರಿಗೂ ಅನ್ಯಾಯ ಮಾಡದ ಮಾತೂ ಹೌದು.

ಎರಡು ಮೌಲ್ಯಗಳ ಪದ್ಧತಿ

ಭಾರತೀಯ ಬ್ಯಾಂಕುಗಳ ಸಂಘ ಮತ್ತು ರಾಷ್ಟ್ರೀಯ ವಸತಿ ಬ್ಯಾಂಕು 2011ರಲ್ಲಿ ಸ್ಥಿರಾಸ್ತಿ ಮೌಲ್ಯಮಾಪನಕ್ಕೆ ಕೈಪಿಡಿಯೊಂದನ್ನು ಹೊರತಂದವು. ಯಾವುದೇ ಮೌಲ್ಯವರದಿಯಲ್ಲಿ ಆಧಾರವಾಗಿಟ್ಟುಕೊಂಡ ಊಹೆಗಳು ಸ್ಪಷ್ಟವಾಗಿರಬೇಕು. ಸಂದೇಹಾಸ್ಪದ ಭಾಗವಿರುವ ಸ್ವತ್ತಿಗೆ ಎರಡು ಮೌಲ್ಯಗಳನ್ನು ಪ್ರತ್ಯೇಕವಾಗಿ ತೋರಿಸುವುದು ಇದಕ್ಕೆ ಅತ್ಯಂತ ಸುರಕ್ಷಿತ ಮಾರ್ಗ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ತಿಳಿಯಬಹುದು. 30×40 ಅಡಿಯ ನಿವೇಶನಕ್ಕೆ ಚದರಡಿಗೆ 3,000 ರೂಪಾಯಿಯಂತೆ 36 ಲಕ್ಷ ರೂಪಾಯಿ. ನಕ್ಷೆಯಲ್ಲಿರುವ 800 ಚದರಡಿಯ ಕೆಳಮನೆಗೆ, ಸವಕಳಿ ಕಳೆದು 1,500 ರೂಪಾಯಿಯಂತೆ 12 ಲಕ್ಷ. ನಕ್ಷೆ ಒದಗಿಸದ 600 ಚದರಡಿಯ ಮೇಲ್ಮನೆಗೆ 1,200 ರೂಪಾಯಿಯಂತೆ 7.20 ಲಕ್ಷ. ದಾಖಲೆಯಿರುವ ಭಾಗದ ಮೌಲ್ಯ 48 ಲಕ್ಷ. ಮೇಲ್ಮನೆಯೂ ಸೇರಿದರೆ 55.20 ಲಕ್ಷ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷ ರೂಪಾಯಿವರೆಗಿನ ಗೃಹಸಾಲಕ್ಕೆ ಮೌಲ್ಯದ ಶೇ. 80 ಗರಿಷ್ಠ ಮಿತಿ. ಅಂದರೆ ಸಾಲದ ಮಿತಿ ಮೊದಲ ಲೆಕ್ಕದಲ್ಲಿ 38.40 ಲಕ್ಷ, ಎರಡನೆಯದರಲ್ಲಿ 44.16 ಲಕ್ಷ. ನಡುವಿನ 5.76 ಲಕ್ಷ ರೂಪಾಯಿಗೆ ಭದ್ರತೆ ಒಂದು ಸಂದೇಹವಷ್ಟೇ.

ಬಾಡಿಗೆಯ ಆಧಾರದ ಲೆಕ್ಕದಲ್ಲಿ ಅಪಾಯ ಇನ್ನೂ ಹೆಚ್ಚು. ಇದೇ ಮೇಲ್ಮನೆಗೆ ಖರ್ಚು ಕಳೆದು ತಿಂಗಳಿಗೆ 7,000 ರೂಪಾಯಿ ಉಳಿದರೆ ವರ್ಷಕ್ಕೆ 84,000. ಶೇ. 4ರ ದರದಲ್ಲಿ ಅದನ್ನು ಬಂಡವಾಳೀಕರಿಸಿದರೆ 21 ಲಕ್ಷ ರೂಪಾಯಿ ಬರುತ್ತದೆ! ಇದನ್ನು ನಿವೇಶನದ ಬೆಲೆಗೆ ಕೂಡಿಸಿದರೆ ನೆಲದ ಮೌಲ್ಯವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ. ಅದೂ ಅಲ್ಲದೆ, ಒಂದು ಆದೇಶದಿಂದ ನಿಂತುಹೋಗಬಹುದಾದ ಬಾಡಿಗೆಯನ್ನು ಶಾಶ್ವತವೆಂದು ಭಾವಿಸಿದಂತಾಗುತ್ತದೆ. ಕೆಡವುವ ನೋಟೀಸು ಈಗಾಗಲೇ ಜಾರಿಯಾಗಿದ್ದರೆ ಆ ಭಾಗದ ಮೌಲ್ಯ ಸೊನ್ನೆಗಿಂತಲೂ ಕಡಿಮೆ. ಕೆಡವುವ ಮತ್ತು ಕೆಳಮನೆಯನ್ನು ದುರಸ್ತಿಗೊಳಿಸುವ ವೆಚ್ಚವನ್ನೂ ಕಳೆಯಬೇಕಾಗುತ್ತದೆ.

ಹಾಗೆಂದು ಮಾರುಕಟ್ಟೆಯ ವಾಸ್ತವವನ್ನು ಕಡೆಗಣಿಸುವಂತಿಲ್ಲ. ಅಮೆರಿಕದಲ್ಲಿ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯು, ನಿಯಮಕ್ಕೆ ಹೊಂದದ ಹೆಚ್ಚುವರಿ ಮನೆಯಿರುವ ಸ್ವತ್ತಿನ ವಿಷಯದಲ್ಲಿ, ಅದೇ ಬಗೆಯ ಮನೆಗಳಿರುವ ಸ್ವತ್ತುಗಳ ಮಾರಾಟದ ಉದಾಹರಣೆಗಳನ್ನು ಕೇಳುತ್ತದೆ. ಅದೇ ರೀತಿ ಇಲ್ಲಿಯೂ, ಹತ್ತಿರದ ರಸ್ತೆಗಳಲ್ಲಿ ನಕ್ಷೆಯಿರುವ ಮತ್ತು ಇಲ್ಲದ ಮೇಲ್ಮನೆಗಳಿಗೆ ಖರೀದಿದಾರರು ನೀಡಿರುವ ಬೆಲೆಯ ವ್ಯತ್ಯಾಸವನ್ನು ಮೌಲ್ಯಮಾಪಕರು ಹುಡುಕಬೇಕು.

ಸ್ಥಳ ಪರಿಶೀಲನೆಯಲ್ಲಿ ಗಮನಿಸಬೇಕಾದ ಅಂಶಗಳು

1. ಅನುಮೋದಿತ ನಕ್ಷೆಯನ್ನು ಕೈಯಲ್ಲಿ ಹಿಡಿದೇ ಪ್ರತಿ ಮಹಡಿಯನ್ನೂ ನಾಲ್ಕು ಬದಿಯ ತೆರವು ಜಾಗವನ್ನೂ ಅಳೆಯಬೇಕು.

2. ಅಡುಗೆಮನೆ, ಶೌಚಾಲಯ, ವಿದ್ಯುತ್ ಮೀಟರ್‌ಗಳ ಸಂಖ್ಯೆಯನ್ನು ದಾಖಲಿಸಬೇಕು. ಪ್ರತ್ಯೇಕ ವಾಸದ ಘಟಕಗಳ ಸುಳಿವು ಇವುಗಳಿಂದಲೇ ದೊರೆಯುತ್ತದೆ.

3. ಬಾಡಿಗೆದಾರರು ಇರುವುದು ಬಾಡಿಗೆಗೋ ಭೋಗ್ಯಕ್ಕೋ ಎಂದು ವಿಚಾರಿಸಬೇಕು. ಭೋಗ್ಯದ ಹಣ ಮಾಲೀಕರು ಹಿಂದಿರುಗಿಸಬೇಕಾದ ಮೊತ್ತ. ಸ್ವತ್ತು ಹರಾಜಿಗೆ ಬಂದಾಗ ಸ್ವಾಧೀನದ ಮೊದಲ ತಕರಾರು ಅಲ್ಲಿಂದಲೇ ಬರಬಹುದು.

4. ಕೆಳಗಿನ ತಳಪಾಯ ಮತ್ತು ಗೋಡೆಗಳು ಮೇಲಿನ ಭಾರಕ್ಕೆ ತಕ್ಕವೇ ಎಂಬುದರ ಬಗ್ಗೆ ಸಂದೇಹವಿದ್ದರೆ ಎಂಜಿನಿಯರರ ತಪಾಸಣೆಗೆ ಶಿಫಾರಸು ಮಾಡಬೇಕು.

5. ನಕ್ಷೆ ಕೇಳಿದ ದಿನಾಂಕ ಮತ್ತು ಮಾಲೀಕರ ಉತ್ತರ ವರದಿಯಲ್ಲಿರಬೇಕು. ಬಾಯಿಮಾತಿನ ಭರವಸೆಯನ್ನು ದಾಖಲೆಯೆಂದು ಪರಿಗಣಿಸಬಾರದು.

ಸಾಲ ಸುಸ್ತಿಯಾದರೆ 2002ರ ಸರ್ಫೇಸಿ ಕಾಯಿದೆಯಡಿ ಸ್ವತ್ತಿನ ಮಾರಾಟಕ್ಕೆ ಮುನ್ನ ಮತ್ತೊಮ್ಮೆ ಮೌಲ್ಯಮಾಪನ ನಡೆಯುತ್ತದೆ. ಮೊದಲ ವರದಿಯಲ್ಲಿ ಮುಚ್ಚಿಟ್ಟ ಮೇಲ್ಮನೆ ಆಗ ಬೆಳಕಿಗೆ ಬಂದರೆ ಬ್ಯಾಂಕು ಮೊದಲು ಹುಡುಕುವುದು ವರದಿಗೆ ಸಹಿ ಹಾಕಿದವರನ್ನೇ.

ಉದ್ದಿಮೆದಾರರು ಮಾಡಬೇಕಾದುದೇನು?

ಸಾಲದ ಅವಶ್ಯಕತೆ ಎದುರಾದ ದಿನವೇ ದಾಖಲೆ ಹುಡುಕಲು ಹೊರಡುವುದು ವ್ಯವಹಾರಸ್ಥರಿಗೆ ಶೋಭಿಸದು. ಮನೆಯ ನಕ್ಷೆ, ಪರವಾನಗಿ, ಖಾತಾ ಮತ್ತು ಋಣಭಾರ ಪತ್ರಗಳನ್ನು ಇಂದೇ ಹೊಂದಿಸಿ ನೋಡುವುದು ಲೇಸು. ನಿಯಮದ ಮಿತಿಯೊಳಗಿದ್ದೂ ಅನುಮತಿ ಪಡೆಯದ ಭಾಗವಿದ್ದರೆ ಪರಿಷ್ಕೃತ ನಕ್ಷೆಗೆ ಅವಕಾಶವಿದೆಯೇ ಎಂದು ಪಾಲಿಕೆಯಲ್ಲಿ ವಿಚಾರಿಸಬಹುದು. ಅದು ಸಾಧ್ಯವಿಲ್ಲದಿದ್ದರೆ ದಾಖಲೆಯಿರುವ ಭಾಗದ ಮೌಲ್ಯಕ್ಕೆ ತಕ್ಕಂತೆ ಸಾಲದ ಯೋಜನೆ ಹಾಕಿಕೊಳ್ಳಬೇಕು. ಮೌಲ್ಯಮಾಪಕರ ಮೇಲೆ ಒತ್ತಡ ತಂದು ಗಳಿಸಿದ ಐದು ಲಕ್ಷ ರೂಪಾಯಿಯ ಹೆಚ್ಚುವರಿ ಸಾಲ, ಮೇಲ್ಮನೆಯ ಬಾಡಿಗೆ ನಿಂತ ತಿಂಗಳಿನಿಂದ ಅಂಗಡಿಯ ಆದಾಯದಿಂದಲೇ ತೀರಿಸಬೇಕಾದ ಹೊರೆಯಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.