ಹವಳದ ಮನೆಗೆ ಹೊಸ ಬೆಳಕು

ಹವಳವೆಂದೊಡನೆ ಸರದಲ್ಲಿ ಪೋಣಿಸಿದ ಕೆಂಪು ಮಣಿಯು ನೆನಪಿಗೆ ಬರುವುದು ಸಹಜ. ನವರತ್ನಗಳ ಸಾಲಿನಲ್ಲಿ ಅದಕ್ಕೊಂದು ಸ್ಥಾನವುಂಟು. ಆದರೆ ಹವಳವು ಗಣಿಯಲ್ಲಿ ದೊರೆಯುವ ಕಲ್ಲಲ್ಲ. ಕೊಂಬೆಯಂತೆ ಕವಲೊಡೆದು ಬೆಳೆದರೂ ಅದು ಗಿಡವೂ ಅಲ್ಲ. ಅದು ಕಡಲಿನಲ್ಲಿ ಬಾಳುವ ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಸಾವಿರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಅಂಟಿಕೊಂಡು, ಕಡಲನೀರಿನಿಂದ ಸುಣ್ಣದ ಅಂಶವನ್ನು ಹೀರಿ, ತಮಗಾಗಿ ಗಟ್ಟಿಯಾದ ಗೂಡನ್ನು ಕಟ್ಟಿಕೊಳ್ಳುತ್ತವೆ. ಮಣಿಯಾಗುವ ಕೆಂಪು ಹವಳವು ಮಂದ ಬೆಳಕಿನ ತಾಣಗಳಲ್ಲಿ ಬೆಳೆಯುವ ಬೇರೊಂದು ಜಾತಿ. ದಿಬ್ಬ ಕಟ್ಟುವ ಹವಳಗಳು ಬಿಸಿಲು ಬೀಳುವ ಬೆಚ್ಚನೆಯ ನೀರಿನಲ್ಲಿ ವಾಸಿಸುತ್ತವೆ. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿಗಳಲ್ಲಿ ಮಾತ್ರವಲ್ಲದೆ, ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಾಚೆಯ ನೇತ್ರಾಣಿ ನಡುಗಡ್ಡೆಯ ಬಳಿಯಲ್ಲಿಯೂ ಇವನ್ನು ಕಾಣಬಹುದು.

ಪ್ರಾಣಿಗೆ ಬಿಸಿಲಿನ ಹಂಗೇಕೆ? ಇದರ ಉತ್ತರವು ಹವಳದ ಮೈಯೊಳಗೇ ಇದೆ. ಪಾಲಿಪ್‌ನ ಜೀವಕೋಶಗಳಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ನೆಲೆಸಿವೆ. ಅವು ಬೆಳಕನ್ನು ಹೀರಿ, ದ್ಯುತಿಸಂಶ್ಲೇಷಣೆಯಿಂದ ಆಹಾರವನ್ನು ತಯಾರಿಸಿ, ಅದರ ಬಹುಪಾಲನ್ನು ಹವಳಕ್ಕೆ ಒಪ್ಪಿಸುತ್ತವೆ. ಹವಳವು ಅದಕ್ಕೆ ಪ್ರತಿಯಾಗಿ ಅವುಗಳಿಗೆ ಆಶ್ರಯವನ್ನೂ ಪೋಷಕಾಂಶಗಳನ್ನೂ ಕೊಡುತ್ತದೆ. ಹವಳದ ಕಂದು ಬಣ್ಣವು ಮುಖ್ಯವಾಗಿ ಈ ಒಕ್ಕಲುಗಳಿಂದ ಬಂದದ್ದು. ಬೆಳಕು ತೀರ ಕಡಿಮೆಯಾದರೆ ಒಕ್ಕಲು ಬಡವಾಗುತ್ತದೆ; ಒಡೆಯನೂ ಸೊರಗುತ್ತಾನೆ.

ಇಂತಹ ಹವಳಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸವು ಯುರೋಪು, ಅಮೆರಿಕಗಳಲ್ಲಿ ಬಹುವಾಗಿ ಬೆಳೆದಿದೆ. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆಯಿದೆ. ಅವನ್ನು ಕಡಲಿನಿಂದ ಕಿತ್ತು ತರುವುದು ಅಪರಾಧ. ಆ ದೇಶಗಳ ಮನೆಯೊಳಗಣ ತೊಟ್ಟಿಗೆ ಉಷ್ಣವಲಯದ ಬಿಸಿಲು ಬರುವುದೆಲ್ಲಿಂದ? ಅದನ್ನು ದೀಪಗಳೇ ಒದಗಿಸಬೇಕು. ಹಲವು ದಶಕಗಳ ಕಾಲ ಈ ಕೆಲಸವನ್ನು ಮಾಡಿದ ದೀಪಗಳಲ್ಲಿ, ಟ್ಯೂಬ್‌ಲೈಟ್ ಎಂದು ಮನೆಮನೆಯಲ್ಲಿ ಹೆಸರಾದ ಪ್ರತಿದೀಪ್ತಿ ದೀಪವು ಮುಖ್ಯವಾದುದು.

1938ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ದೀಪದ ರಚನೆ ಸರಳವಾದುದು. ಗಾಜಿನ ಕೊಳವೆಯೊಳಗೆ ಅತ್ಯಲ್ಪ ಪಾದರಸವೂ ಸ್ವಲ್ಪ ಜಡಾನಿಲವೂ ಇರುತ್ತವೆ. ವಿದ್ಯುತ್ತು ಹರಿದಾಗ ಪಾದರಸದ ಆವಿಯು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೊಮ್ಮಿಸುತ್ತದೆ. ಗಾಜಿನ ಒಳಮೈಗೆ ಲೇಪಿಸಿದ ಫಾಸ್ಫರ್ ಎಂಬ ಬಿಳಿಯ ಪುಡಿಯು ಆ ಕಿರಣಗಳನ್ನು ಹೀರಿ, ಕಣ್ಣಿಗೆ ಕಾಣುವ ಬೆಳಕಾಗಿ ಮಾರ್ಪಡಿಸುತ್ತದೆ. ಪುಡಿ ಬದಲಾದರೆ ಬೆಳಕಿನ ಬಣ್ಣವೂ ಬದಲಾಗುತ್ತದೆ. ಕಡಲಿನ ನೀರು ಕೆಂಪು ಬೆಳಕನ್ನು ಮೊದಲಿಗೆ ಹೀರಿಬಿಡುವುದರಿಂದ ಆಳಕ್ಕೆ ಇಳಿಯುವುದು ನೀಲಿ ಬೆಳಕು. ಆದಕಾರಣ ಹವಳದ ತೊಟ್ಟಿಗೆ ಬಿಳಿಯ ಕೊಳವೆಗಳೊಡನೆ ನೀಲಿ ಕೊಳವೆಗಳನ್ನೂ ಜೋಡಿಸುವುದು ವಾಡಿಕೆ.

ಈ ಪುಡಿಯ ಶಕ್ತಿ ಶಾಶ್ವತವಲ್ಲ. ದಿನ ಕಳೆದಂತೆ ಅದು ಕುಂದುತ್ತದೆ. ದೀಪವು ಉರಿಯುತ್ತಲೇ ಇರುತ್ತದೆ, ಬೆಳಕು ಮಾತ್ರ ಇಳಿಯುತ್ತಿರುತ್ತದೆ. ಈ ಇಳಿತವು ನಿಧಾನವಾದುದರಿಂದ ಮನುಷ್ಯನ ಕಣ್ಣಿಗೆ ತಿಳಿಯುವುದಿಲ್ಲ. ಅನುಭವಿಗಳು ಕೊಳವೆಯ ತುದಿಯಲ್ಲಿ ಹಾಕಿದ ದಿನವನ್ನು ಬರೆದಿಟ್ಟು, ಸುಮಾರು ಒಂದು ವರ್ಷಕ್ಕೊಮ್ಮೆ ದೀಪವನ್ನು ಬದಲಾಯಿಸುವುದು ಇದಕ್ಕಾಗಿಯೇ.

ಅಪಾಯವು ಒದಗುವುದು ಆ ದಿನವೇ. ಹಳೆಯ ದೀಪದ ಮಂಕು ಬೆಳಕಿಗೆ ಹವಳವು ಮೆಲ್ಲಮೆಲ್ಲನೆ ಹೊಂದಿಕೊಂಡಿರುತ್ತದೆ. ದೊರೆತ ಅಲ್ಪ ಬೆಳಕನ್ನು ವ್ಯರ್ಥ ಮಾಡದಂತೆ, ಅದರೊಳಗಿನ ಪಾಚಿಗಳು ಬೆಳಕು ಹೀರುವ ವರ್ಣಕವನ್ನು ಹೆಚ್ಚಿಸಿಕೊಂಡಿರುತ್ತವೆ. ಇಂತಹ ಹೊತ್ತಿನಲ್ಲಿ ಎಲ್ಲ ಕೊಳವೆಗಳನ್ನೂ ಒಮ್ಮೆಗೇ ಕಿತ್ತು ಹೊಸವನ್ನು ಹಾಕಿದರೆ, ನೆರಳಿನಲ್ಲಿ ಬೆಳೆಸಿದ ಸಸಿಯನ್ನು ನಡುಹಗಲಿನ ಬಿಸಿಲಿನಲ್ಲಿ ನೆಟ್ಟಂತಾಗುತ್ತದೆ. ಪಾಚಿಗಳು ತಾಳಲಾರದಷ್ಟು ಬೆಳಕನ್ನು ಹೀರುತ್ತವೆ. ಹಾನಿಕರವಾದ ಆಮ್ಲಜನಕದ ರೂಪಗಳು ಅಲ್ಲಿ ಹುಟ್ಟುತ್ತವೆ. ಕೊನೆಗೆ ಹವಳವು ತನ್ನ ಅನ್ನದಾತರನ್ನೇ ಹೊರಗಟ್ಟುತ್ತದೆ. ಮೈಯ ಬಣ್ಣ ಅಳಿದು, ಒಳಗಿನ ಬಿಳಿಯ ಸುಣ್ಣದ ಗೂಡು ಹೊರಗೆ ತೋರುತ್ತದೆ. ಮೀನಾದರೆ ಕಲ್ಲಿನ ಮರೆಗೆ ಓಡೀತು. ನೆಲೆಯೂರಿದ ಹವಳವು ಎಲ್ಲಿಗೆ ಹೋದೀತು?

ಆದ್ದರಿಂದ ಬಲ್ಲವರು ಎರಡು ಬಗೆಯಾಗಿ ಎಚ್ಚರ ವಹಿಸುತ್ತಾರೆ. ಮೊದಲನೆಯದು ದೀಪವನ್ನು ಪಳಗಿಸುವುದು. ಹೊಸ ದೋಸೆಯ ಕಾವಲಿಯನ್ನು ಪಳಗಿಸಿದ ಮೇಲೆಯೇ ಹಿಟ್ಟು ಹೊಯ್ಯುವಂತೆ, ಹೊಸ ಕೊಳವೆಯನ್ನು ಸುಮಾರು 100 ಗಂಟೆಗಳ ಕಾಲ ಉರಿಸಿದ ಮೇಲೆಯೇ ಅದರ ಬೆಳಕು ಒಂದು ಹದಕ್ಕೆ ಬರುತ್ತದೆ. ಮೊದಲ ಗಂಟೆಗಳಲ್ಲಿ ಬೆಳಕು ಹೆಚ್ಚಾಗಿದ್ದು ಬೇಗ ಇಳಿಯುತ್ತದೆ. ಬಳಿಕ ಇಳಿತವು ನಿಧಾನವಾಗುತ್ತದೆ. ಕೊಳವೆಯ ಬೆಳಕನ್ನು ಅಳೆದು ಪಟ್ಟಿಯಲ್ಲಿ ನಮೂದಿಸುವುದೂ ಈ 100 ಗಂಟೆಗಳು ಕಳೆದ ಮೇಲೆಯೇ. ಬಿಡದೆ ಉರಿಸಿದರೆ ನಾಲ್ಕು ದಿನಗಳ ಮೇಲೆ ನಾಲ್ಕು ಗಂಟೆ ಸಾಕು. ತೊಟ್ಟಿಯ ಮೇಲಲ್ಲದೆ ಬೇರೆಡೆಯಲ್ಲಿಯೂ ಇದನ್ನು ಮಾಡಬಹುದು.

ಆದರೆ ದೀಪವೊಂದೇ ಪಳಗಿದರೆ ಸಾಲದು. ಮೊದಲ 100 ಗಂಟೆಗಳಲ್ಲಿ ಇಳಿಯುವ ಬೆಳಕು ಅಲ್ಪವೇ ಸರಿ. ಹಳೆಯ ದೀಪಕ್ಕೂ ಹೊಸದಕ್ಕೂ ಉಳಿಯುವ ಅಂತರವು ಅದಕ್ಕಿಂತ ದೊಡ್ಡದು. ಆದಕಾರಣ ಎರಡನೆಯದಾಗಿ ಹವಳವನ್ನು ಹೊಸ ಬೆಳಕಿಗೆ ಪಳಗಿಸಬೇಕು. ಇದಕ್ಕೆ ಹಲವು ಉಪಾಯಗಳಿವೆ. ಕೊಳವೆಗಳನ್ನು ಒಂದೊಂದಾಗಿ, ವಾರ ಎರಡು ವಾರಗಳ ಅಂತರದಲ್ಲಿ ಬದಲಾಯಿಸಬಹುದು. ಒಮ್ಮೆಗೇ ಬದಲಾಯಿಸಬೇಕಾಗಿ ಬಂದರೆ ದೀಪದ ಚೌಕಟ್ಟನ್ನು ನೀರಿನಿಂದ ಮೇಲಕ್ಕೆತ್ತಿ, ಕೆಲವು ದಿನಗಳಿಗೊಮ್ಮೆ ಸ್ವಲ್ಪಸ್ವಲ್ಪವೇ ಇಳಿಸಬಹುದು. ದಿನಕ್ಕೆ ಹತ್ತು ಗಂಟೆ ಉರಿಯುತ್ತಿದ್ದ ದೀಪವನ್ನು ಮೊದಲು ಐದಾರು ಗಂಟೆಗೆ ಇಳಿಸಿ, ಎರಡು ಮೂರು ದಿನಗಳಿಗೊಮ್ಮೆ ಅರ್ಧ ಗಂಟೆಯಂತೆ ಏರಿಸಬಹುದು. ತೊಟ್ಟಿಯ ಮೇಲೆ ತೆಳುವಾದ ಬಲೆಯ ನಾಲ್ಕಾರು ಪದರಗಳನ್ನು ಹಾಸಿ, ಒಂದೊಂದಾಗಿ ತೆಗೆಯುವುದೂ ಉಂಟು.

ಈ ದಿನಗಳಲ್ಲಿ ಹವಳವನ್ನು ಗಮನಿಸುತ್ತಿರುವುದು ಅವಶ್ಯಕ. ಪಾಲಿಪ್‌ಗಳು ಹೊತ್ತುಹೊತ್ತಿಗೆ ಅರಳದೆ ಮುದುಡಿಯೇ ಇದ್ದರೆ, ಬಣ್ಣವು ತುದಿಯಿಂದ ಮಾಸತೊಡಗಿದರೆ, ಬೆಳಕನ್ನು ಮತ್ತೆ ತಗ್ಗಿಸಬೇಕು. ಬಿಳುಪೇರಿದ ಹವಳವೆಲ್ಲ ಸತ್ತ ಹವಳವಲ್ಲ. ಬೇಗನೆ ಆಸರೆ ದೊರೆತರೆ ಪಾಚಿಗಳು ಮತ್ತೆ ನೆಲೆಸಿ ಅದು ಚೇತರಿಸಿಕೊಳ್ಳಬಹುದು. ತಡವಾದರೆ ಹಸಿವಿನಿಂದ ಸಾಯುತ್ತದೆ.

ಇಂದು ಎಲ್‌ಇಡಿ ದೀಪಗಳು ಕೊಳವೆ ದೀಪಗಳ ಸ್ಥಾನವನ್ನು ಆಕ್ರಮಿಸುತ್ತಿವೆ. ಪಾದರಸವು ವಿಷವಾದುದರಿಂದ, ಅದನ್ನು ಕುರಿತ ಮಿನಮಾಟ ಒಪ್ಪಂದದ ರಾಷ್ಟ್ರಗಳು ಸಾಮಾನ್ಯ ಬೆಳಕಿಗೆ ಬಳಸುವ ಉದ್ದ ಕೊಳವೆ ದೀಪಗಳ ತಯಾರಿಕೆಯನ್ನು 2027ರ ಹೊತ್ತಿಗೆ ನಿಲ್ಲಿಸಲು 2023ರಲ್ಲಿ ತೀರ್ಮಾನಿಸಿದವು. ಹೊಸ ದೀಪಕ್ಕೆ 100 ಗಂಟೆಗಳ ಪಳಗಿಕೆ ಬೇಕಾಗದಿದ್ದರೂ ಹವಳಕ್ಕೆ ಬೇಕಾದ ಕಾಲಾವಕಾಶವು ತಪ್ಪಿದ್ದಲ್ಲ. ತೊಟ್ಟಿಯ ಒಡೆಯನು ದೀಪವನ್ನು ಮೇಲಕ್ಕೆತ್ತಿ ತನ್ನ ಹವಳವನ್ನು ಉಳಿಸಿಕೊಳ್ಳಬಲ್ಲ. ಕಡಲಿನ ಹವಳಕ್ಕೆ ಆ ಅನುಕೂಲವಿಲ್ಲ. 1998ರಲ್ಲಿ ಕಡಲನೀರಿನ ತಾಪವು ಏರಿದಾಗ ಲಕ್ಷದ್ವೀಪವೂ ಸೇರಿದಂತೆ ಲೋಕದ ಅನೇಕ ಕಡೆಗಳಲ್ಲಿ ಹವಳಗಳು ಬಿಳುಪೇರಿ ಅಪಾರವಾಗಿ ನಾಶವಾದವು. ಜೀವಿಗಳು ಬದಲಾವಣೆಗೆ ಹೊಂದಿಕೊಳ್ಳಬಲ್ಲವು, ನಿಜ. ಆದರೆ ಆ ಬದಲಾವಣೆಯು ಅವು ತಾಳಬಲ್ಲ ವೇಗದಲ್ಲಿ ಬರಬೇಕು.