ಮಗುವಿನ ಫೋಟೊದಲ್ಲಿ ಕಡುನೆರಳು ಏಕೆ?

ಪ್ರಶ್ನೆ: ಮನೆಯಲ್ಲೇ ಲೈಟ್ ಇಟ್ಟು ಮಗುವಿನ ಫೋಟೊ ತೆಗೆದರೆ ಮೂಗಿನ ಪಕ್ಕ, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಬೀಳುತ್ತದೆ. ಏಕೆ? ತಪ್ಪಿಸುವುದು ಹೇಗೆ?

ನೆರಳು ಗಡುಸಾಗುವುದೋ ಮೃದುವಾಗುವುದೋ ಎಂಬುದು ಮಗು ಕೂತ ಜಾಗದಿಂದ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಮೇಲಿದೆ. ಪುಟ್ಟ ಫ್ಲಾಶ್‌ನ ಬೆಳಕು ಒಂದೇ ದಿಕ್ಕಿನಿಂದ ಬರುತ್ತದೆ. ಮೂಗು ಅಡ್ಡವಾದರೆ ಅದರಾಚೆಗೆ ಬೆಳಕೇ ಇಲ್ಲ, ನೆರಳಿನ ಅಂಚು ಕತ್ತರಿಸಿದಂತೆ ಕಾಣುತ್ತದೆ. ದೊಡ್ಡ ದೀಪದ ಬೆಳಕು ಹಲವು ದಿಕ್ಕುಗಳಿಂದ ಬಂದು ಆ ಜಾಗವನ್ನು ತುಂಬುತ್ತದೆ. ಸುಡುಬಿಸಿಲಲ್ಲಿ ಕಪ್ಪಗೆ ಬೀಳುವ ನಮ್ಮ ನೆರಳು ಮೋಡ ಕವಿದಾಗ ಮಾಯವಾಗುವುದೂ ಇದರಿಂದಲೇ. ಆಗ ಇಡೀ ಆಕಾಶವೇ ದೀಪ.

ಹಾಗಾಗಿ ಫ್ಲಾಶನ್ನು ಬಿಳಿ ಗೋಡೆಯತ್ತ ತಿರುಗಿಸಿ, ಇಲ್ಲವೇ ಸಾಫ್ಟ್‌ಬಾಕ್ಸ್ (ದೀಪದ ಬೆಳಕನ್ನು ಅಗಲವಾಗಿ ಹರಡುವ, ಮುಂದೆ ಬಿಳಿ ಬಟ್ಟೆ ಇರುವ ಪೆಟ್ಟಿಗೆ) ಬಳಸಿ. ಸಾಫ್ಟ್‌ಬಾಕ್ಸನ್ನು ಚಿತ್ರದೊಳಗೆ ಬಾರದಂತೆ ಆದಷ್ಟೂ ಹತ್ತಿರ ತನ್ನಿ. ದೂರ ಅರ್ಧವಾದರೆ ಕಾಣುವ ಗಾತ್ರ ಸುಮಾರು ಇಮ್ಮಡಿಯಾಗುತ್ತದೆ. ಮುಖದ ಇನ್ನೊಂದು ಬದಿಗೆ ಬಿಳಿ ಥರ್ಮೊಕೋಲ್ ಹಿಡಿದರೆ ನೆರಳಿನ ಭಾಗಕ್ಕೂ ಬೆಳಕು ಸಿಗುತ್ತದೆ. ಮಗುವನ್ನು ಗೋಡೆಯಿಂದ ಐದಾರು ಅಡಿ ಮುಂದೆ ಕೂರಿಸಿ, ಲೈಟನ್ನು ಮೇಲಿನಿಂದ ಓರೆಯಾಗಿ ಇಟ್ಟರೆ ಗೋಡೆಯ ನೆರಳೂ ತಪ್ಪುತ್ತದೆ.

ಮಕ್ಕಳು ಒಂದೆಡೆ ಕೂರುವವರಲ್ಲ. ದೀಪ ದೊಡ್ಡದಿದ್ದರೆ ಅವರು ತುಸು ಅತ್ತಿತ್ತ ತಿರುಗಿದರೂ ಮುಖ ಅಂದವಾಗಿಯೇ ಕಾಣುತ್ತದೆ. ಮಗು ತಾಗಿದರೂ ಉರುಳದಂತೆ ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಇಡುವುದನ್ನು ಮರೆಯಬೇಡಿ.