ಕುಟುಂಬದ ಸಾಲ: ಅಧಿಕ ಬಡ್ಡಿಯದು ಮೊದಲು ತೀರಲಿ

ಕೂಲಿಯಿಂದ ಮಕ್ಕಳನ್ನು ಸಾಕುವ ತಾಯಿಯೊಬ್ಬರು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ 20,000 ರೂ. ಕೈಸಾಲ ಪಡೆದಿದ್ದರೆ, ಪ್ರತಿ ತಿಂಗಳು ಕಟ್ಟುವ 600 ರೂ. ಬಡ್ಡಿಗೇ ಸಂದಾಯವಾಗುತ್ತದೆ, ಎಷ್ಟು ವರ್ಷ ಕಟ್ಟಿದರೂ ಅಸಲು ಕರಗುವುದಿಲ್ಲ.

ಅದೇ ಮೊತ್ತವನ್ನು ಸ್ವಸಹಾಯ ಸಂಘದಿಂದ ನೂರಕ್ಕೆ 1 ರೂಪಾಯಿ ಬಡ್ಡಿಗೆ ಪಡೆದು ಕೈಸಾಲವನ್ನು ಚುಕ್ತಾ ಮಾಡಿದಲ್ಲಿ, ಮೊದಲ ತಿಂಗಳ ಬಡ್ಡಿ 200 ರೂ. ಮಾತ್ರ, ಉಳಿದ 400 ರೂ. ಅಸಲಿಗೆ ಜಮೆಯಾಗುತ್ತದೆ. ಬಾಕಿ ಅಸಲಿನ ಮೇಲಷ್ಟೇ ಬಡ್ಡಿ ಹಾಕಿದರೆ, ಅದೇ 600 ರೂ. ಕಂತಿನಲ್ಲಿ 41 ತಿಂಗಳಿಗೆ ಸಾಲ ತೀರುತ್ತದೆ. ಗೃಹಲಕ್ಷ್ಮಿ ಹಣದಿಂದ 400 ರೂ. ಸೇರಿಸಿದರೆ 23 ತಿಂಗಳು ಸಾಕು.

ಸದಸ್ಯರು ವಾರ್ಡ್ ಸಭೆಯಲ್ಲಿ ಈ ಲೆಕ್ಕವನ್ನು ವಿವರಿಸಿ, ಇಂತಹ ಕುಟುಂಬಗಳನ್ನು ಸಂಜೀವಿನಿ ಒಕ್ಕೂಟಕ್ಕೆ ಪರಿಚಯಿಸುವುದು. ಕೈಸಾಲ ತೀರಿದ ದಿನವೇ ಪ್ರಾಮಿಸರಿ ನೋಟನ್ನು ಹಿಂಪಡೆಯುವಂತೆ ತಿಳಿಸುವುದು.